ಅವ್ವನ ಚಪ್ಪಲಿ, ನನ್ನ ಕಾರಿನ ಮ್ಯಾಟು

ಕಾರಿನ ಮ್ಯಾಟು ಸ್ವಚ್ಛ ಮಾಡುವುದರಲ್ಲಿ ಯಾದಗಿರಿ ಜಿಲ್ಲೆಯಲ್ಲಿ ನನ್ನನ್ನು ಮೀರಿಸುವವರು ಯಾರಾದರೂ ಇದ್ದರೆ ಮುಂದೆ ಬರಲಿ. ಜಂಬದ ಮಾತು ಅಂತ ನನಗೂ ಗೊತ್ತು. ಆದರೆ ಶಹಾಪುರದಿಂದ ಸುರಪುರದ ಹತ್ತಿರದ ನಮ್ಮ ಹೈಸ್ಕೂಲಿಗೆ ದಿನಾ ಕಾರು ಓಡಿಸಿಕೊಂಡು ಹೋಗಿ ಬರುವವಳು ನಾನು. ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ನಲವತ್ತನಾಲ್ಕನೇ ವಯಸ್ಸಿಗೆ ಸೆಕೆಂಡ್ ಹ್ಯಾಂಡ್ ಕಾರು ಕೊಂಡು, ಓಣಿಯ ಗಂಡಸರು ಕಟ್ಟೆಯ ಮೇಲೆ ಸಾಲಾಗಿ ಕೂತು ನೋಡುತ್ತಿರುವಾಗಲೇ ರಿವರ್ಸ್ ತೆಗೆಯುವುದನ್ನು ಕಲಿತೆ. ಮ್ಯಾಟಿನ ವಿಷಯದಲ್ಲಿ ನಾಚಿಕೆ ಪಡುವ ಹೆಂಗಸು ನಾನಲ್ಲ.

ನಮ್ಮ ಕಡೆ ಕಾರಿನೊಳಗೆ ಬರುವ ಕೊಳೆ ಒಂದೇ ಥರದ್ದಲ್ಲ. ಬೇಸಿಗೆಯಲ್ಲಿ ಹಿಟ್ಟಿನಂಥ ಧೂಳು, ಗಾಜು ಏರಿಸಿದ್ದರೂ ಎಲ್ಲಿಂದಲೋ ನುಗ್ಗಿ ಬರುತ್ತದೆ. ಸುಗ್ಗಿಯಲ್ಲಿ ಭತ್ತದ ಹೊಟ್ಟು, ಹತ್ತಿ ಬಿಡಿಸುವ ಕಾಲಕ್ಕೆ ಹತ್ತಿಯ ಎಳೆ. ಇವೆಲ್ಲ ಹೇಗೋ ಹೋಗುತ್ತವೆ. ಒಂದು ಮಳೆ ಬಿದ್ದ ಮೇಲೆ ಚಪ್ಪಲಿಗೆ ಹತ್ತಿಕೊಂಡು ಬರುವ ಜಿಗುಟು ಕಪ್ಪು ಎರೆ ಮಣ್ಣು ಮಾತ್ರ ಬೇರೆಯೇ ಜಾತಿ.

ನನ್ನ ಕೆಲಸ ಭಾನುವಾರ ಬೆಳಗ್ಗೆ ಆರಕ್ಕೆ, ಬಿಸಿಲು ಅಂಗಳಕ್ಕೆ ಇಳಿಯುವ ಮೊದಲೇ ಶುರು. ಮ್ಯಾಟನ್ನು ಕಾರಿನೊಳಗೇ ಎತ್ತಿ ಝಾಡಿಸಬಾರದು. ನಾಲ್ಕೂ ಅಂಚು ಒಳಕ್ಕೆ ಮಡಚಿ, ಧೂಳು ಚೆಲ್ಲದಂತೆ ಹೊರಗೆ ತರಬೇಕು. ಕಂಪೌಂಡಿನ ಮೇಲೆ ಬೋರಲು ಹಾಕಿ ಬೆನ್ನಿಗೆ ಬಡಿಯಬೇಕು, ಆಮೇಲೆ ಮುಖಕ್ಕೆ. ನೀರು ಕೊನೆಗೆ, ಅದೂ ಚೂರೇ. ಒಣಗಿಸುವುದು ಬೇವಿನ ಮರದ ನೆರಳಲ್ಲಿ. ಒಂದು ಸಲ ಮೇ ತಿಂಗಳಲ್ಲಿ ರಬ್ಬರ್ ಮ್ಯಾಟನ್ನು ಅಂಗಳದ ಶಾಬಾದಿ ಕಲ್ಲಿನ ಮೇಲೆ ಬಿಸಿಲಿಗೆ ಹಾಕಿ ಮರೆತಿದ್ದೆ. ಸಂಜೆಗೆ ಅದು ಹಪ್ಪಳದ ಹಾಗೆ ಅಂಚು ಎತ್ತಿಕೊಂಡು ಕೂತಿತ್ತು. ಅದನ್ನೇ ಹಾಕಿಕೊಂಡು ಹೊರಟವಳಿಗೆ ಹತ್ತಿಗೂಡೂರಿನ ಹತ್ತಿರ ಅಂಚು ಬ್ರೇಕಿಗೆ ಸಿಕ್ಕಿ ಜೀವ ಬಾಯಿಗೆ ಬಂತು. ಆವತ್ತೇ ಹೊಸ ಮ್ಯಾಟು ತಂದೆ. ಡ್ರೈವರ್ ಕಡೆಯ ಮ್ಯಾಟು ಕೊಕ್ಕೆಗೆ ಸಿಕ್ಕಿದೆಯೋ ಇಲ್ಲವೋ ಎಂದು ಎಳೆದು ನೋಡದೆ ಈಗ ಕಾರು ಶುರು ಮಾಡುವುದಿಲ್ಲ.

ನಮ್ಮ ಮನೆಯವರು ಈ ಕೆಲಸಕ್ಕೆ ಕೈ ಹಾಕುವಂತಿಲ್ಲ. ಅವರು ನಾರಾಯಣಪುರದಲ್ಲಿ ನೀರಾವರಿ ಇಲಾಖೆಯಲ್ಲಿದ್ದಾರೆ. ಮ್ಯಾಟು ಕೊಟ್ಟರೆ ಡ್ಯಾಮಿನ ಗೇಟು ಎತ್ತಿದ ಹಾಗೆ ನೀರು ಬಿಟ್ಟು, ಅರ್ಧ ಒಣಗುವಷ್ಟರಲ್ಲಿ ತಂದು ಹಾಸಿಬಿಡುತ್ತಾರೆ. ಆಮೇಲೆ ವಾರವಿಡೀ ಕಾರಿನಲ್ಲಿ ಮುಗ್ಗಲು ವಾಸನೆ.

ಎರೆ ಮಣ್ಣಿನ ಗುಟ್ಟು ಹೇಳಿಕೊಟ್ಟವಳು ಮಾತ್ರ ಅವ್ವ. ಸುರಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಮಂದಿಯ ಹೊಲದಲ್ಲಿ ಕೂಲಿ ಮಾಡಿ ನನ್ನನ್ನು ಓದಿಸಿದವಳು. ಎಪ್ಪತ್ತು ದಾಟಿದೆ, ಈಗ ನನ್ನ ಜೊತೆ ಶಹಾಪುರದಲ್ಲಿರುತ್ತಾಳೆ. ಒಂದು ಮಳೆಗಾಲದಲ್ಲಿ ನಾನು ಮ್ಯಾಟಿಗೆ ಮೆತ್ತಿದ್ದ ಹಸಿ ಮಣ್ಣನ್ನು ಬ್ರಶ್ ಹಾಕಿ ತಿಕ್ಕುತ್ತ, ತಿಕ್ಕಿದಷ್ಟೂ ಅದು ಒಳಗೆ ಇಳಿಯುತ್ತ, ಬೈದುಕೊಳ್ಳುತ್ತಿದ್ದೆ. ಅವ್ವ ಬಾಗಿಲಲ್ಲಿ ಕೂತು ನೋಡಿ, ಹಸಿ ಇದ್ದಾಗ ಎರೆಗೆ ಕೈ ಹಚ್ಚಬಾರದು, ಒಣಗಲು ಬಿಡು, ತಾನೇ ಕಳಚಿಕೊಳ್ಳುತ್ತದೆ ಅಂದಳು. ಎರಡು ದಿನ ಬಿಟ್ಟು ಬಡಿದೆ. ಹೆಂಟೆ ಹೆಂಟೆಯಾಗಿ ಉದುರಿತು.

ಕಾರು ಹತ್ತುವವರಿಗೆ ನಾನು ಒಂದು ಕಾಯಿದೆ ಮಾಡಿದ್ದೆ. ಬಾಗಿಲು ತೆಗೆದು, ಸೀಟಿನ ಮೇಲೆ ಕೂತು, ಕಾಲು ಹೊರಗೇ ಇಟ್ಟುಕೊಂಡು ಚಪ್ಪಲಿ ಎರಡು ಸಲ ಬಡಿದು ಆಮೇಲೆ ಒಳಗೆ ತರಬೇಕು. ನನ್ನ ಜೊತೆ ಶಾಲೆಗೆ ಬರುವ ಇಬ್ಬರು ಟೀಚರುಗಳು ಅಕ್ಕೋರ ಕಾರಲ್ಲ, ಅಕ್ಕೋರ ಗುಡಿ ಎಂದು ನಗುತ್ತಲೇ ಬಡಿಯುತ್ತಿದ್ದರು. ಮರೆತವರ ಕಾಲನ್ನು ನಾನು ಕನ್ನಡಿಯಲ್ಲೇ ನೋಡುತ್ತಿದ್ದೆ. ಅಷ್ಟು ಸಾಕಿತ್ತು, ಬಾಯಿ ಬಿಟ್ಟು ಹೇಳುವ ಕೆಲಸವೇ ಇರಲಿಲ್ಲ.

ಅವ್ವನಿಗೆ ಅದೂ ಬೇಕಿರಲಿಲ್ಲ. ಅವಳು ಕಾರಿನ ಬಾಗಿಲ ಹತ್ತಿರ ನೆಲದ ಮೇಲೆ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಹತ್ತಿ ಕೂತು, ಬಗ್ಗಿ ಚಪ್ಪಲಿ ಎತ್ತಿಕೊಂಡು, ಒಂದು ಕೈಚೀಲದಲ್ಲಿ ಹಾಕಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಅವಳ ಸೀಟಿನ ಮುಂದಿನ ಮ್ಯಾಟು ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೇ ಇತ್ತು. ನನಗೆ ಅದೊಂದು ಹೆಮ್ಮೆ. ಟೀಚರುಗಳಿಗೆ, ನಮ್ಮವ್ವನನ್ನು ನೋಡಿ ಕಲಿಯಿರಿ ಎಂದು ಎಷ್ಟೋ ಸಲ ಹೇಳಿದ್ದೇನೆ.

ಆ ಹೊತ್ತಿಗೆ ಅವ್ವನ ಕಾಲಿನ ಚಿಂತೆ ಶುರುವಾಗಿತ್ತು. ಅವಳಿಗೆ ಶುಗರ್ ಇದೆ. ಎಡಗಾಲಿನ ಹಿಮ್ಮಡಿಗೆ ಜಾಲಿ ಮುಳ್ಳು ಹೊಕ್ಕು ಮುರಿದು, ಒಳಗೇ ಕೀವಾಗಿ, ಒಂದು ದಿನ ನಾನು ನೆಲದ ಮೇಲೆ ಕಲೆ ನೋಡಿ ಕೇಳುವವರೆಗೂ ಅವಳಿಗೇ ಗೊತ್ತಿರಲಿಲ್ಲ. ಅಂಗಾಲು ಮರಗಟ್ಟಿದೆ, ಇನ್ನು ಮುಂದೆ ಮನೆಯೊಳಗೂ ಬರಿಗಾಲಲ್ಲಿ ನಡೆಯಕೂಡದು, ಇನ್ನೊಂದು ಗಾಯವಾದರೆ ಬೆರಳೋ ಪಾದವೋ ಹೇಳಲಾಗುವುದಿಲ್ಲ ಎಂದು ಯಾದಗಿರಿಯ ಡಾಕ್ಟರು ಎಚ್ಚರಿಸಿದ್ದರು. ಅವರೇ ಬರೆದುಕೊಟ್ಟ ಮೆತ್ತನೆಯ ಅಡಿಯ ಚಪ್ಪಲಿ ತಂದಿದ್ದೆ. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಡ್ರೆಸ್ಸಿಂಗಿಗೆ ಕರೆದುಕೊಂಡು ಹೋಗುವುದು ನನ್ನ ಪಾಳಿ. ಕಾರಿನಲ್ಲಿ ಬರಿಗಾಲಲ್ಲಿ ಕೂತರೆ ಏನಾಗುತ್ತದೆ, ನನ್ನ ಮ್ಯಾಟು ಆಸ್ಪತ್ರೆಯ ನೆಲಕ್ಕಿಂತ ಸ್ವಚ್ಛವಾಗಿದೆಯಲ್ಲ ಅಂದುಕೊಂಡಿದ್ದೆ. ವಿಜ್ಞಾನ ಹೇಳಿಕೊಡುವವಳ ಬುದ್ಧಿ ಅಷ್ಟಿತ್ತು.

ಏಪ್ರಿಲ್ ತಿಂಗಳ ಮೊದಲ ಶನಿವಾರ. ಹನ್ನೆರಡೂವರೆಗೆ ಶಹಾಪುರ ಬಿಟ್ಟೆವು. ದೋರನಹಳ್ಳಿ ದಾಟಿದ ಮೇಲೆ ರಸ್ತೆಯ ಪಕ್ಕ ಬೇವಿನ ಮರದ ಕೆಳಗೆ ಒಬ್ಬ ಹೆಂಗಸು ಎಳೆ ಸೌತೆಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದಳು. ಅವ್ವ ನಿಲ್ಲಿಸು ಅಂದಳು. ಚಪ್ಪಲಿ ಮೆಟ್ಟಿಕೊಂಡು ಇಳಿದು, ಒಂದೊಂದೇ ಕಾಯಿ ಮುರಿದು ನೋಡಿ, ಚೌಕಾಸಿ ಮಾಡಿ, ಅವಳ ಮಕ್ಕಳು ಮರಿ ವಿಚಾರಿಸಿ, ಸೆರಗಿನ ತುಂಬ ತುಂಬಿಕೊಂಡು ಬಂದಳು. ನಾನು ಏಸಿ ಹಾಕಿಕೊಂಡು ಕೂತವಳು, ಲಗೂ ಬಾ, ತಂಪೆಲ್ಲ ಹೊರಗೆ ಹೋಗುತ್ತದೆ ಎಂದು ಅವಸರ ಮಾಡಿದೆ. ಅವ್ವ ಎರಡೂ ಕೈಯಲ್ಲಿ ಸೆರಗು ಹಿಡಿದುಕೊಂಡೇ ಹತ್ತಿದಳು. ಬಾಗಿಲು ಹಾಕಿಕೊಳ್ಳುವಾಗ ನನ್ನ ಕಣ್ಣು ಅಭ್ಯಾಸಬಲದಿಂದ ಅವಳ ಕಾಲ ಕಡೆಗೆ ಹೋಯಿತು. ಬರಿಗಾಲು, ಬಿಳಿ ಬ್ಯಾಂಡೇಜು, ಕೆಳಗೆ ಒಂದು ಚೂರೂ ಮಣ್ಣಿಲ್ಲದ ಮ್ಯಾಟು. ಸಮಾಧಾನವಾಗಿ ಗೇರು ಹಾಕಿದೆ.

ಯಾದಗಿರಿಯಲ್ಲಿ ಆಸ್ಪತ್ರೆಯ ಮುಂದೆ ಜಾಗವಿರಲಿಲ್ಲ. ಹಿಂದಿನ ರಸ್ತೆಯಲ್ಲಿ ನಿಲ್ಲಿಸಿ, ಫೈಲು ಬಗಲಲ್ಲಿಟ್ಟುಕೊಂಡು ನಾನು ಮುಂದೆ ನಡೆದೆ. ನನ್ನ ನಡಿಗೆ ಯಾವಾಗಲೂ ಜೋರು. ಅವ್ವ ಹಿಂದೆ ಬರುತ್ತಿದ್ದಳು. ಡಾಂಬರು ಮೆತ್ತಗಾಗಿ ನನ್ನ ಚಪ್ಪಲಿಗೇ ಅಂಟುತ್ತಿತ್ತು. ತಿರುಗಿ ನೋಡಲಿಲ್ಲ.

ಒಳಗೆ ಅವ್ವನನ್ನು ಮಂಚದ ಮೇಲೆ ಮಲಗಿಸಿ ಬ್ಯಾಂಡೇಜಿಗೆ ಕೈ ಹಾಕಿದ ಡಾಕ್ಟರು ತಡೆದು ನಿಂತರು. ಬಟ್ಟೆಯ ಅಡಿಗೆ ಡಾಂಬರು ಮೆತ್ತಿತ್ತು. ಎರಡೂ ಪಾದದ ಮುಂಭಾಗದಲ್ಲಿ ಚರ್ಮ ಬೆಳ್ಳಗಾಗಿ ಗುಳ್ಳೆ ಏಳುತ್ತಿತ್ತು. ಚಪ್ಪಲಿ ಎಲ್ಲಿ ಅಂದರು. ಹೊರಗೆ ಬಿಟ್ಟಿರಬೇಕು ಎಂದು ಬಾಗಿಲ ಹತ್ತಿರದ ಚಪ್ಪಲಿ ರಾಶಿಯಲ್ಲಿ ಹುಡುಕಿದೆ. ಇರಲಿಲ್ಲ. ವಾಪಸು ಬಂದು ಅವ್ವನ ಮುಖ ನೋಡಿದಾಗ, ಕಾರು ಹತ್ತುವಾಗ ಬಿಟ್ಟ ಚಪ್ಪಲಿ ಆ ಬೇವಿನ ಮರದ ಕೆಳಗೇ ಉಳಿದವು ಅಂದಳು. ಅರ್ಧ ದಾರಿಯಲ್ಲೇ ಗೊತ್ತಾಗಿತ್ತಂತೆ. ಹೇಳಿದರೆ ಮತ್ತೆ ಹಿಂದಕ್ಕೆ ಓಡಿಸಿ ಎಣ್ಣೆ ಸುಡುತ್ತೀ ಅಂತ ಸುಮ್ಮನಿದ್ದಳಂತೆ.

“ಮತ್ತ ನನಗೇನ ಕಾಲ ಸುಡಲಿಲ್ಲ ಬಿಡು,” ಅಂದಳು.

“ಸುಡಲಾರದ್ದೇ ರೋಗ, ಅಮ್ಮಾ,” ಅಂದರು ಡಾಕ್ಟರು.

ನನಗೆ ಸಿಟ್ಟು ನೆತ್ತಿಗೇರಿತು. ಅದು ಹೆದರಿಕೆಯೇ ಸಿಟ್ಟಾಗಿ ಬಂದದ್ದು ಅಂತ ಈಗ ಗೊತ್ತಾಗುತ್ತದೆ. ಡಾಕ್ಟರು ಔಷಧಿ ತರಲು ಆಚೆ ಹೋದದ್ದೇ ತಡ, ಅವ್ವನ ಮೇಲೆ ಹರಿಹಾಯ್ದೆ.

“ಕಾರಿನ್ಯಾಗ ಚಪ್ಪಲಿ ತಗದು ಕೂಡು ಅಂತ ನಾ ಯಾವತ್ತರೆ ಹೇಳೀನೇನಬೇ?”

ಅವ್ವ ಮೇಲಿನ ಫ್ಯಾನು ನೋಡುತ್ತಿದ್ದಳು. ದನಿ ಏರಿಸಲಿಲ್ಲ.

“ನೀ ಹೇಳಿಲ್ಲ. ಗೌಡ್ರೂ ಹೇಳ್ತಿದ್ದಿಲ್ಲ.”

ನಮ್ಮ ಹಳ್ಳಿಯಲ್ಲಿ ಕೇರಿಯಿಂದ ಹೊಲಕ್ಕೆ ಹೋಗುವ ದಾರಿ ಗೌಡರ ಮನೆಯ ಮುಂದೆಯೇ ಹಾಯುತ್ತದೆ. ಆ ಮನೆ ಬರುವ ಹತ್ತು ಮಾರು ಮೊದಲೇ ಅವ್ವ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯುತ್ತಿದ್ದಳು, ನನ್ನದನ್ನೂ ಕಳಚಿಸುತ್ತಿದ್ದಳು. ಯಾರೂ ತೆಗೆ ಅಂದದ್ದನ್ನು ನಾನು ಕೇಳಿಲ್ಲ. ಗೌಡರು ಕಟ್ಟೆಯ ಮೇಲೆ ಕೂತು ಕಾಲ ಕಡೆಗೆ ಒಮ್ಮೆ ನೋಡುತ್ತಿದ್ದರು, ಅಷ್ಟೇ. ನಾನು ಓದಿ, ನೌಕರಿ ಹಿಡಿದು, ಸ್ವಂತ ಕಾರು ಕೊಂಡದ್ದರಲ್ಲಿ ಆ ಹತ್ತು ಮಾರಿನ ಸಂಕಟ ಎಷ್ಟಿದೆ ಅಂತ ನನಗೊಬ್ಬಳಿಗೇ ಗೊತ್ತು. ಅವ್ವ ನನ್ನ ಮ್ಯಾಟು ಕಾಯುತ್ತಿರಲಿಲ್ಲ. ನನ್ನ ಕಣ್ಣಿಗೆ ಅಂಜುತ್ತಿದ್ದಳು. ಇಷ್ಟು ವರ್ಷ ಅದನ್ನು ಅಚ್ಚುಕಟ್ಟುತನ ಅಂತ ಮಂದಿಯ ಮುಂದೆ ಹೊಗಳಿಕೊಂಡು ತಿರುಗಿದ್ದೆ. ನಾಚಿಕೆಯಾಯಿತು. ಮಂಚದ ಪಕ್ಕ ನಿಂತು ಅತ್ತೆ.

ಮೂರು ವಾರ ಕಾದು ನೋಡೋಣ, ಕೀವು ಒಳಗೆ ಇಳಿದರೆ ಬೆರಳು ತೆಗೆಯಬೇಕಾದೀತು ಅಂದರು ಡಾಕ್ಟರು. ಕಾರನ್ನು ಆಸ್ಪತ್ರೆಯ ಬಾಗಿಲಿಗೇ ತಂದು ಅವ್ವನನ್ನು ಹತ್ತಿಸಿಕೊಂಡೆ. ದಾರಿಯಲ್ಲಿ ಬೇವಿನ ಮರದ ಹತ್ತಿರ ನಿಲ್ಲಿಸಿದರೆ ಸೌತೆಕಾಯಿಯ ಹೆಂಗಸು ಚಪ್ಪಲಿಗಳನ್ನು ತನ್ನ ಬುಟ್ಟಿಯ ಪಕ್ಕ ನೆರಳಲ್ಲಿ ಜೋಡಿಸಿ ಇಟ್ಟಿದ್ದಳು. ಹಿಂದೆಯೇ ಕೂಗಿದಳಂತೆ. ಗಾಜು ಏರಿಸಿದ್ದ ಕಾರಿನೊಳಗೆ ನಮಗೆ ಕೇಳಿಸಿರಲಿಲ್ಲ.

ಆ ಮೂರು ವಾರ ನಾನು ಮ್ಯಾಟಿಗೆ ಕೈ ಹಚ್ಚಲಿಲ್ಲ. ಬೆಳಗ್ಗೆ ಸಂಜೆ ಅವ್ವನ ಪಾದ ತೊಳೆದು, ಒರೆಸಿ, ಬೆರಳ ಸಂದಿ ಸಂದಿ ನೋಡುವುದೇ ಕೆಲಸವಾಯಿತು. ಶಾಲೆಗೆ ಬೇಸಿಗೆ ರಜೆ ಬೀಳುವ ಮೊದಲಿನ ದಿನಗಳಲ್ಲಿ ಟೀಚರುಗಳು ಎಂದಿನಂತೆ ಚಪ್ಪಲಿ ಬಡಿಯಲು ಹೋದರೆ ಬೇಡ, ಸೀದಾ ಹತ್ತಿ ಅಂದೆ. ನನಗೇನೋ ಆಗಿದೆ ಎಂದು ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾರಿನ ತುಂಬ ಧೂಳು, ಹೊಟ್ಟು, ಕಡಲೆ ಸಿಪ್ಪೆ. ನಾಲ್ಕನೇ ಶನಿವಾರ ಡಾಕ್ಟರು ಪಾದ ಒತ್ತಿ ನೋಡಿ, ಬೆರಳು ಉಳಿದವು, ಗಾಯವೂ ಮಾಯುತ್ತಿದೆ ಅಂದರು. ಮರುದಿನ ಆರು ಗಂಟೆಗೆ ಎದ್ದು ನಾಲ್ಕೂ ಮ್ಯಾಟು ಬಡಿದೆ. ಮ್ಯಾಟು ಸ್ವಚ್ಛವಿಡುವುದರಲ್ಲಿ ತಪ್ಪಿಲ್ಲ, ಅದನ್ನು ತುಳಿಯುವವರ ಕಾಲ ಮೇಲೆ ಕಣ್ಣಿಡುವುದು ತಪ್ಪು ಎಂದು ಅಷ್ಟರಲ್ಲಿ ತೀರ್ಮಾನ ಮಾಡಿದ್ದೆ.

ಅವ್ವನಿಗೆ ಮಾತ್ರ ಚಾಳಿ ಬಿಡಲಿಲ್ಲ. ಹೇಳಿದಾಗ ಹೂಂ ಅನ್ನುವಳು, ಕಾರಿನ ಹತ್ತಿರ ಬಂದದ್ದೇ ಕಾಲು ತಾನೇ ಚಪ್ಪಲಿಯಿಂದ ಹೊರಗೆ ಬರುವುದು. ನಾನು ಬೈದು ಹಾಕಿಸುವುದು. ಮೇ ಇಡೀ ಹೀಗೇ ಕಳೆಯಿತು.

ಜೂನಿನಲ್ಲಿ ಮೊದಲ ಮಳೆಯ ಮರುದಿನ ಹಳ್ಳಿಗೆ ಹೋಗಿದ್ದೆವು, ಕೇರಿಯಲ್ಲಿ ನಮ್ಮ ಚಿಕ್ಕವ್ವನ ಮನೆಗೆ. ಹೊರಡುವ ಹೊತ್ತಿಗೆ ಅವ್ವನ ಚಪ್ಪಲಿಯ ಅಡಿಗೆ ಎರೆ ಮಣ್ಣು ಮೂರು ಬೆರಳು ದಪ್ಪ ಹತ್ತಿತ್ತು. ಕಾರಿನ ಬಾಗಿಲ ಹತ್ತಿರ ನಿಂತು, ಕೈಯಿಂದ ಬಾಗಿಲು ಹಿಡಿದು, ಒಂದು ಕಾಲು ಆಗಲೇ ಚಪ್ಪಲಿಯಿಂದ ಹೊರಗೆ ತೆಗೆಯುತ್ತಿದ್ದಳು. ನಾನು ಇಳಿದು ಸುತ್ತಿ ಬಂದೆ. ಅವಳ ಸೀಟಿನ ಮುಂದಿನ ಮ್ಯಾಟನ್ನು ಎಳೆದು, ಅವಳ ಮುಂದೆ ಕೆಸರಿನಲ್ಲೇ ಹಾಸಿದೆ.

“ನಿಂದ್ರು ಇದರ ಮ್ಯಾಲ. ಚಪ್ಪಲಿ ಹಾಕ್ಕೊಂಡ ನಿಂದ್ರು.”

ಅವ್ವ ಮ್ಯಾಟು ನೋಡಿದಳು, ನನ್ನನ್ನು ನೋಡಿದಳು. ಹಾಳು ಮಾಡಿದೆಯಲ್ಲ ಎಂದು ಗೊಣಗಿದಳು. ಆಮೇಲೆ ನನ್ನ ಭುಜ ಹಿಡಿದು ಒಂದು ಕಾಲು ಇಟ್ಟಳು, ಇನ್ನೊಂದು ಇಟ್ಟಳು, ಹಾಗೇ ಚಪ್ಪಲಿ ಸಮೇತ ಹತ್ತಿ ಕೂತಳು. ಕೆಸರು ಮೆತ್ತಿದ ಮ್ಯಾಟನ್ನು ಎತ್ತಿ ಅವಳ ಕಾಲ ಕೆಳಗೇ ಹಾಸಿ ಕಾರು ಶುರು ಮಾಡಿದೆ.

ಊರ ಹೊರಗೆ ಹೋಗಲು ಅದೊಂದೇ ದಾರಿ. ಗೌಡರ ಮನೆಯ ಮುಂದೆ ಬಂದಾಗ ಗೇರು ಇಳಿಸಿ ನಿಧಾನ ಮಾಡಿದೆ, ಬೇಕೆಂದೇ. ಕಟ್ಟೆಯ ಮೇಲೆ ಅವರ ಮನೆಯ ಯಾರೋ ಕೂತಿದ್ದರು. ಅವ್ವನ ಕೈ ತನ್ನಷ್ಟಕ್ಕೆ ಕಾಲ ಕಡೆಗೆ ಇಳಿಯಿತು. ಅರ್ಧಕ್ಕೆ ನಿಂತಿತು. ಮತ್ತೆ ತೊಡೆಯ ಮೇಲೆ ಬಂದು ಕೂತಿತು. ನಾನು ರಸ್ತೆ ನೋಡುತ್ತಲೇ ಇದ್ದೆ.

ಮನೆ ಹಿಂದಾದ ಮೇಲೆ ಅವ್ವ ಎರಡೂ ಚಪ್ಪಲಿಗಳನ್ನು ಮ್ಯಾಟಿನ ಮೇಲೆ ಒತ್ತಿ ಊರಿ, ಬೆನ್ನು ಹಿಂದಕ್ಕೆ ಚಾಚಿ ಕೂತಳು.

“ಮನೀಗೆ ಹೋಗಿ ಲಗೂ ತಿಕ್ಕಾಕ ಕೂಡಬ್ಯಾಡ ಮತ್ತ,” ಅಂದಳು. “ಒಣಗಲಿ.”