ಮೊದಲ ಪೈರಿನ ಕೈ

ಬೆಳಿಗ್ಗೆ ಎಂಟರ ಹೊತ್ತಿಗೆ ಸಸಿ ಬೆಳೆಸಿದ ಒಟ್ಲಿನಿಂದ ಪೈರು ಕಿತ್ತು, ಕಟ್ಟು ಕಟ್ಟಿ, ಬದುವಿನ ಮೇಲೆ ಸಾಲಾಗಿ ಇಟ್ಟಾಗಿತ್ತು. ಹದ ಮಾಡಿದ ಗದ್ದೆಯಲ್ಲಿ ನಾಲೆಯ ನೀರು ತೆಳ್ಳಗೆ ನಿಂತಿತ್ತು. ಕೆಂಪಾಜಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಎಂದಿನಂತೆ ಒಂದು ಕಟ್ಟು ಎತ್ತಿಕೊಂಡು ಈಶಾನ್ಯದ ಮೂಲೆಗೆ ಹೊರಟಳು. ಗದ್ದೆಯ ಯಜಮಾನ ಗೋವಿಂದಯ್ಯ ಹಿಂದಿನಿಂದ ಕರೆದರು.

"ಕೆಂಪಾಜಮ್ಮ, ಈ ಸಲ ಪುಷ್ಪಾ ನೆಡ್ಲಿ ಬುಡು, ಮೊದ್ಲು."

ಅವಳ ಮುಖ ನೋಡಿ ಹೇಳಲಿಲ್ಲ. ತೂಬಿನ ಕಡೆ ನೋಡುತ್ತ ಹೇಳಿದರು.

ಚುಂಚನಕಟ್ಟೆಯ ಹತ್ತಿರದ ಆ ಊರಿನಲ್ಲಿ ನಾಟಿ ಶುರುವಾಗುವುದು ಒಬ್ಬರ ಕೈಯಿಂದ. ಕೈಗುಣ ಇರುವವರು ಮೂಲೆಯಲ್ಲಿ ಮೊದಲ ಪೈರು ನೆಟ್ಟ ಮೇಲೆಯೇ ಉಳಿದವರು ಕೆಸರಿಗೆ ಇಳಿಯುವುದು. ಹದಿಮೂರು ವರ್ಷದಿಂದ ಆ ಕೈ ಕೆಂಪಾಜಮ್ಮನದು. ಗಂಡ ಹುಣಸೂರು ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಹೋದಾಗ ಅವಳಿಗೆ ಮೂವತ್ತು. ಬರಿ ಹಣೆಯಲ್ಲಿ ಗುಂಪಿನ ಕೊನೆಗೆ ನಿಂತಿದ್ದವಳ ಕೈಗೆ ಆಗಿನ ಹಿರಿಯಳೊಬ್ಬಳು ಪೈರಿನ ಕಟ್ಟು ತುರುಕಿ, "ಪೈರಿಗೇನು ಗೊತ್ತು ನಿನ್ ಅಣೆ? ನೆಡು," ಅಂದಿದ್ದಳು. ಆ ವರ್ಷ ತೆನೆ ಬಾಗಿ ಬಾಗಿ ನಿಂತಿತು. ಮರುವರ್ಷ ಪಕ್ಕದ ಗದ್ದೆಯವರು ಕರೆದರು. ಹಾಗೆ ಒಂಬತ್ತು ಹೆಂಗಸರ ನಾಟಿ ಗುಂಪಿಗೆ ಅವಳು ಮುಂದಾದಳು. ಮದುವೆ ಮನೆಯಲ್ಲಿ ಬಾಗಿಲ ಬಳಿ ನಿಲ್ಲುತ್ತಿದ್ದವಳು ನಡುಮನೆಗೆ ಬಂದು ಕೂತಳು. ಯಾರೂ ಏಳು ಅನ್ನಲಿಲ್ಲ.

ಹೋದ ವರ್ಷ ನಾಟಿಯ ಕಾಲಕ್ಕೆ ಒಂದು ಧಾರಾವಾಹಿಯವರು ಶೂಟಿಂಗಿಗೆಂದು ಬಂದಿಳಿದರು. ಆಳುಕಾಳು ಹೊಂದಿಸುವ ಕಿರಣ್ ಕುಮಾರ್ ಎಂಬವನು ಗುಂಪನ್ನೆಲ್ಲ ನಿಲ್ಲಿಸಿ ನೋಡಿ, ಕೆಂಪಾಜಮ್ಮನ ಹಣೆ ನೋಡಿ, ಅವಳೊಬ್ಬಳನ್ನೇ ಆರಿಸಿದ. ಇಸ್ತ್ರಿ ಮಾಡಿದ ಬಿಳಿ ಸೀರೆಯೊಂದನ್ನು ಸೂಟ್‌ಕೇಸಿನಿಂದ ತೆಗೆದುಕೊಟ್ಟ.

"ಕೆಸರಲ್ಲಿ ಯಾರಪ್ಪ ಬಿಳಿ ಸೀರೆ ಉಡ್ತಾರೆ?"

"ನೋಡೋರಿಗೆ ತಕ್ಷಣ ಗೊತ್ತಾಗ್ಬೇಕಲ್ಲಮ್ಮ. ನೀವೇನೂ ಮಾತಾಡೋದು ಬೇಡ. ಹೀರೋಯಿನ್ ಪೈರು ಹಿಡ್ಕೊಂಡು ಬರ್ತಾರೆ, ನೀವು ಎದುರಿಗೆ ನಡ್ಕೊಂಡು ಹೋಗಿ. ಅಷ್ಟೇ."

ಗುಂಪಿನ ಪುಷ್ಪಾ ಬಾಯಿಗೆ ಸೆರಗಿಟ್ಟು ನಕ್ಕಿದ್ದಳು. ಕೆಂಪಾಜಮ್ಮನಿಗಿಂತ ಹತ್ತು ವರ್ಷ ಚಿಕ್ಕವಳು, ಫೋನಿನಲ್ಲಿ ಪರದೇಶದ ಧಾರಾವಾಹಿಗಳನ್ನೂ ಬಿಡದವಳು. "ನಾನ್ ನೋಡೋ ಸೀರಿಯಲ್ಲಲ್ಲಿ ಗಂಡ ಸತ್ತೋಳ್ಗೆ ಕರಿ ಬಟ್ಟೆ ಕಣಕ್ಕ. ಬಣ್ಣ ಮಾತ್ರ ಬ್ಯಾರೆ. ಅಲ್ಲೂ ಹಿಂಗೇ ಮೂಲೇಲಿ ನಿಂತ್ಕೊಂಡು ಮಿಕಮಿಕ ನೋಡ್ತಾಳೆ."

ಕೆಂಪಾಜಮ್ಮನೂ ನಕ್ಕಳು. ನಡೆದಳು. ಮೂರು ಸಲ ನಡೆಸಿದರು. ಸಂಜೆ ಸೀರೆ ಬಿಚ್ಚಿಕೊಟ್ಟು, ಅದನ್ನು ಅಲ್ಲಿಗೇ ಮರೆತಳು.

ಆ ಕಂತು ಬಂದದ್ದು ನಾಲ್ಕು ತಿಂಗಳ ಮೇಲೆ. ಗೋವಿಂದಯ್ಯನ ಮನೆಯ ನಡುಮನೆಯಲ್ಲಿ ಊರಿನ ಅರ್ಧ ಹೆಂಗಸರು ಕೂತು ನೋಡಿದರು. ತೆರೆಯ ಮೇಲೆ ಕೆಂಪಾಜಮ್ಮ ನಡೆದು ಹೋಗುವಾಗ ಸಿಡಿಲಿನಂಥ ಸದ್ದು ಹಾಕಿದ್ದರು. ಎದುರು ಬರುತ್ತಿದ್ದ ತುಂಬು ಬಸುರಿ ನಾಯಕಿ ಜಾರಿ ಬಿದ್ದಳು. ಮುಂದಿನ ಕಂತಿನಲ್ಲಿ ಮಗು ಹೋಯಿತು. ಎಲ್ಲರೂ ಕೆಂಪಾಜಮ್ಮನನ್ನು ಚುಡಾಯಿಸಿದರು. ಗೋವಿಂದಯ್ಯನ ಸೊಸೆ ಭಾವನಾ ಮಾತ್ರ ನಗಲಿಲ್ಲ.

ಈಗ ಅದೇ ಭಾವನಾ ಏಳು ತಿಂಗಳ ಬಸುರಿ. ಹೊಂಗೆ ಮರದ ಕೆಳಗೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದಳು. ಕೆಂಪಾಜಮ್ಮ ಅತ್ತ ತಿರುಗಿದ ಕೂಡಲೆ ಅವಳ ಸೆರಗು ತಾನಾಗಿ ಹೊಟ್ಟೆಯ ಮೇಲೆ ಬಂತು. ಪೈರು ನೆಡಬೇಡ ಎಂದದ್ದು ನಿಜಕ್ಕೂ ಮಾವ ಅಲ್ಲ, ಸೊಸೆ ಎನ್ನುವುದು ಕೆಂಪಾಜಮ್ಮನಿಗೆ ಆಗ ತಿಳಿಯಿತು.

ಅವಳು ನಿಂತಲ್ಲೇ ನಿಂತಳು. ಇವತ್ತು ಇಲ್ಲಿ ಪುಷ್ಪಾ ನೆಟ್ಟರೆ ಸಂಜೆಯೊಳಗೆ ನಾಲೆಯ ಉದ್ದಕ್ಕೂ ಸುದ್ದಿ. ನಾಳೆ ಇನ್ನೊಂದು ಗದ್ದೆಯವರು ತೂಬಿನ ಕಡೆ ನೋಡುತ್ತ ಇದೇ ಮಾತು ಹೇಳುತ್ತಾರೆ. ಆಮೇಲೆ ಮದುವೆ ಮನೆಯ ಬಾಗಿಲು.

ಪುಷ್ಪಾ ಕೈಯಲ್ಲಿದ್ದ ಕಟ್ಟನ್ನು ಬದುವಿನ ಮೇಲೆ ಇಟ್ಟುಬಿಟ್ಟಳು. "ನಾನ್ ನೆಡಲ್ಲ, ಗೋವಿಂದಣ್ಣ. ಬೇಕಾದ್ರೆ ನೀವೇ ಇಳೀರಿ."

"ಪೈರು ಬಾಡ್ತಾ ಅವೆ ಕಣಮ್ಮಿ. ನೀರಿನ ಸರದಿ ಸಂಜೆಗೆ ಮುಗೀತದೆ. ನಾನೇನ್ ಮಾಡ್ಲಿ ಹೇಳು. ಆ ಹುಡ್ಗಿ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ," ಎಂದು ಗೋವಿಂದಯ್ಯ ಸೊಸೆಯ ಕಡೆ ಕೈ ತೋರಿಸಿದರು.

ಉಳಿದ ಏಳು ಜನ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ನಿಂತಿದ್ದರು. ಬಿಸಿಲು ಪೈರಿನ ತುದಿಗೆ ಹತ್ತಿತ್ತು. ಕೆಂಪಾಜಮ್ಮ ಮರದ ಕಡೆ ನಾಲ್ಕು ಹೆಜ್ಜೆ ಹೋಗಿ, ಅಲ್ಲೇ ನಿಂತು ಮಾತಾಡಿದಳು.

"ಆ ಬಿಳಿ ಸೀರೆ ಶೂಟಿಂಗ್ನೋರ್ದು ಕಣವ್ವ. ಸಂಜೇಗೆ ಬಿಚ್ಚಿ ಕೊಟ್ಬುಟ್ಟೆ."

"ಗೊತ್ತಕ್ಕ." ಭಾವನಾಳ ದನಿ ಬಹಳ ಸಣ್ಣದಾಗಿತ್ತು. "ಸುಳ್ಳು ಅಂತ ಗೊತ್ತು. ಆದ್ರೂ ಕಣ್ಮುಚ್ಚಿದ್ರೆ ನೀವೇ ಬತ್ತೀರಿ, ಎದುರಿಗೆ. ಏನಾದ್ರೂ ಆಗ್ಬುಟ್ರೆ?"

"ಆದ್ರೆ ನನ್ನನ್ನೇ ಅಂತೀರಿ. ಅದು ನಂಗೂ ಗೊತ್ತು. ನಾನು ನೆಡದೇನೇ ಏನಾದ್ರೂ ಆದ್ರೆ, ಆಗ ಯಾರನ್ನ ಅಂತೀಯ?"

ಭಾವನಾ ತಟ್ಟೆಯನ್ನು ಬದುವಿನ ಮೇಲೆ ಇಟ್ಟಳು. ಯಾರ ಕೈಗೂ ಕೊಡಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ಹೋಗಿ ಮರದ ಬುಡಕ್ಕೆ ಬೆನ್ನು ಕೊಟ್ಟು, ನಾಲೆಯ ಕಡೆ ಮುಖ ಮಾಡಿ ಕೂತಳು.

ಕೆಂಪಾಜಮ್ಮ ತಟ್ಟೆಯಿಂದ ಚಿಟಿಕೆ ಅರಿಶಿನ ತೆಗೆದುಕೊಂಡು ಕೆಸರಿಗೆ ಇಳಿದಳು. ಗೋವಿಂದಯ್ಯ ತೂಬಿನ ಕಡೆ ಹೊರಟುಹೋದರು. ಮೂಲೆಯಲ್ಲಿ ಅರಿಶಿನ ಉದುರಿಸಿ, ಮೂರು ಎಳೆ ಪೈರನ್ನು ಬೆರಳಲ್ಲಿ ಹಿಡಿದು ಕೆಸರಿಗೆ ಒತ್ತಿದಳು. ಹದಿಮೂರು ವರ್ಷದಲ್ಲಿ ಮೊದಲ ಸಲ ಅವಳು ನೆಟ್ಟ ಪೈರು ಓರೆಯಾಯಿತು. ಕಿತ್ತು ಮತ್ತೆ ನೆಟ್ಟಳು. ಹಿಂದೆ ಎಂಟು ಜೊತೆ ಕಾಲು ಕೆಸರಿಗೆ ಇಳಿದ ಸದ್ದು ಕೇಳಿತು.

ಆ ಮೇಲಿನ ಎರಡು ತಿಂಗಳು ಅವಳು ಗೋವಿಂದಯ್ಯನ ಮನೆಯ ಬೀದಿಯಲ್ಲಿ ನಡೆಯಲಿಲ್ಲ. ಸುತ್ತು ಹಾಕಿ ನಾಲೆ ಏರಿಯ ಮೇಲೆ ಹೋಗುತ್ತಿದ್ದಳು. ಊರೊಳಗೆ ಆಂಬುಲೆನ್ಸ್ ಸದ್ದು ಕೇಳಿದ ಒಂದು ಮಧ್ಯಾಹ್ನ ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. ಅದು ಬೇರೆ ಯಾರದೋ ಮನೆಗೆ ಬಂದದ್ದು. ಪುಷ್ಪಾ ಯಾಕಕ್ಕ ಇಳಿದುಹೋಗಿದ್ದೀಯ ಎಂದರೆ ಮೊಣಕಾಲು ನೋವು ಎನ್ನುತ್ತಿದ್ದಳು.

ಕಡೆಗೆ ಕಳೆ ಕೀಳುತ್ತಿದ್ದಾಗ ಪುಷ್ಪಾಳ ಫೋನಿಗೆ ಸುದ್ದಿ ಬಂತು. ಕೆ.ಆರ್. ನಗರದ ಆಸ್ಪತ್ರೆ, ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಕೆಂಪಾಜಮ್ಮ ಹಿಡಿದ ಕಳೆಯನ್ನು ಬಿಟ್ಟು, ಸೀರೆ ಒದ್ದೆಯಾಗುವುದನ್ನೂ ನೋಡದೆ ಬದುವಿನ ಮೇಲೆ ಕೂತುಬಿಟ್ಟಳು.

ಸಿಟ್ಟು ಬಂದದ್ದು ಆಗ. ಗೋವಿಂದಯ್ಯನ ಮೇಲಲ್ಲ, ಆ ಹುಡುಗಿಯ ಮೇಲೂ ಅಲ್ಲ. ಎರಡು ತಿಂಗಳು ತಾನೂ ನಂಬಿದ್ದಳಲ್ಲ. ತನ್ನ ಕಾಲ ಕೆಳಗೇ ಆ ಸಿಡಿಲಿನ ಸದ್ದು ಇದೆಯೆಂದು ಹೆದರಿ, ಬೀದಿ ಬಿಟ್ಟು ಏರಿಯ ಮೇಲೆ ನಡೆದಿದ್ದಳಲ್ಲ.

"ಏನಾಯ್ತಕ್ಕ?" ಪುಷ್ಪಾ ಕೇಳಿದಳು.

"ಏನಿಲ್ಲ. ನಡಿ, ಸಂಜೆ ಕೂಸು ನೋಡ್ಕೊಂಡು ಬರಾಣ. ಬೀದೀಲೇ ಹೋಗಿ ಬಸ್ ಹತ್ತಾಣ."