ಬರೆಯದೆ ಬಿಟ್ಟ ಮಾತುಗಳು

ಅವರ ಬೆರಳ ಗೆಣ್ಣುಗಳು ಸದಾ ಬಿರಿದಿರುತ್ತಿದ್ದವು. ದಿನಕ್ಕೆ ಅದೆಷ್ಟು ಸಲ ಕೈ ತೊಳೆಯುತ್ತಿದ್ದರೋ. ಸ್ಟೆತಾಸ್ಕೋಪನ್ನು ರೋಗಿಯ ಎದೆಗಿಡುವ ಮುಂಚೆ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡುವುದು ಅವರ ಅಭ್ಯಾಸ. ಡಲ್ಲಾಸಿನ ಸರ್ಕಾರಿ ಆಸ್ಪತ್ರೆಯ ಆ ಕೋಣೆಯಲ್ಲಿ ಅವತ್ತು ನಾವು ನಾಲ್ವರಿದ್ದೆವು: ಉಸಿರಿಗೆ ಕಷ್ಟಪಡುತ್ತಿದ್ದ ಮುದುಕ, ಅವನ ಮಗ, ಔಷಧಿ ಪಟ್ಟಿ ಹಿಡಿದ ಫಾರ್ಮಸಿಸ್ಟ್ ನಾನು, ಮತ್ತು ನಾನು ಡಾಕ್ಟರ್ ಆಂಟಿ ಅಂತ ಕರೆಯುತ್ತಿದ್ದ ಅವರು. ಇನ್ನೇನು ಎದೆಗೆ ಇಡಬೇಕು, ಮಗ ಅಡ್ಡ ಬಂದ.

"ನಿನ್ನ ಕೊಳಕು ಕೈ ತೆಗೆ. ನಮ್ಮವರು ಯಾರಾದರೂ ಡಾಕ್ಟರಿದ್ದರೆ ಕಳಿಸು."

ಆಂಟಿ ಹೊರಗೆ ಬಂದರು. ಜೊತೆಯ ಬಿಳಿ ಡಾಕ್ಟರಿಗೆ ಆ ಮುದುಕನನ್ನು ಒಪ್ಪಿಸಿ, ಆ ಡಾಕ್ಟರನ ಇಬ್ಬರು ರೋಗಿಗಳನ್ನು ತಾವು ವಹಿಸಿಕೊಂಡರು. ಕಂಪ್ಯೂಟರಿನಲ್ಲಿ ಬರೆದದ್ದು ಒಂದೇ ಸಾಲು: ರೋಗಿಯನ್ನು ಸಹೋದ್ಯೋಗಿಗೆ ಒಪ್ಪಿಸಿದೆ. ಯಾಕೆ ಅಂತಿಲ್ಲ. ಯಾವ ರೋಗಿಯ ಕಡೆಯವರು ಏನಂದರೂ ಹಾಗೆಯೇ ಮಾಡುತ್ತಿದ್ದರು.

ಇಬ್ಬರ ಮನೆಯೂ ಊರಾಚೆಯ ಮರ್ಫಿಯಲ್ಲಿ, ಹೋಗಿಬರುವುದು ಒಂದೇ ಕಾರಿನಲ್ಲಿ. ಅವತ್ತು ಕೇಳಿದೆ: "ಅವನಂದಿದ್ದನ್ನ ಯಾಕೆ ಬರೀಲಿಲ್ಲ ಆಂಟಿ?"

"ಜಡ್ಡಿನ ಮನಿಯಾಗ ಮಂದಿ ಏನೇನೋ ಅಂತಾರವಾ. ಬರದಿಟ್ಟರ ಅದು ಹಂಗ ಉಳೀತದ, ಪಾಪ," ಅಂದರು ಧಾರವಾಡದ ಆಂಟಿ. ಆಮೇಲೆ ನಕ್ಕರು. "ಈ ಊರಾಗ ಹಾರ್ನ್ ಹೊಡಿಯಂಗಿಲ್ಲ. ಬೈಗುಳ ಮಾತ್ರ ಭರ್ಜರಿ."

ವಾರ ಕಳೆಯುವುದರೊಳಗೆ ಆ ಮಗನೇ ದೂರು ಕೊಟ್ಟ: ಡಾಕ್ಟರು ನಮ್ಮಪ್ಪನನ್ನು ನಡುವೆ ಬಿಟ್ಟು ಹೋದರು ಅಂತ. ಆಫೀಸಿನವರು ಹಳೆಯ ದಾಖಲೆ ತೆಗೆದರೆ ಅಂಥ ಸಾಲುಗಳು ಹತ್ತಾರು. ರೋಗಿಗಳನ್ನು ಬಿಟ್ಟು ಹೋಗುವ ಡಾಕ್ಟರನ್ನು ಯಾಕೆ ಇಟ್ಟುಕೊಳ್ಳಬೇಕು ಅಂತ ಮೀಟಿಂಗ್ ಕರೆದರು. ಆಂಟಿಯ ವೀಸಾ ಆ ಕೆಲಸಕ್ಕೇ ಕಟ್ಟುಬಿದ್ದಿತ್ತು. ಕೆಲಸ ಹೋದರೆ ಈ ದೇಶವೂ ಹೋದಂತೆ. ಮಗಳಿಗೆ ಹೈಸ್ಕೂಲಿನ ಕೊನೆಯ ವರ್ಷ. ಕಾರಿನಲ್ಲಿ ಆಂಟಿ ಪ್ರತಿ ಕೆಂಪು ದೀಪದಲ್ಲೂ ಫೋನ್ ತೆಗೆದು ಈಮೇಲ್ ನೋಡುವರು, ಮತ್ತೆ ತೊಡೆಯ ಮೇಲೆ ಬೋರಲು ಹಾಕುವರು.

"ಆ ರೋಗಿಗಳು ಅಂದ ಮಾತನ್ನೆಲ್ಲ ಮೀಟಿಂಗಿನಲ್ಲಿ ಬಾಯಿಬಿಟ್ಟು ಹೇಳಬೇಕು ಆಂಟಿ," ಅಂದೆ.

"ಅಂಥಾ ಮಾತು ನನ್ನ ಬಾಯಾಗ ಬರೂದಿಲ್ಲವಾ."

ಮೀಟಿಂಗಿನ ಬೆಳಿಗ್ಗೆ, ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ ನಾನೇ ಹೇಳಿಕೊಟ್ಟೆ. ಒಂದೊಂದೇ ಬೈಗುಳ ನಾನು ಹೇಳುವುದು, ಅವರು ಮಗ್ಗಿ ಒಪ್ಪಿಸುವ ಹಾಗೆ ಹೇಳುವುದು. ಮೂರನೆಯದಕ್ಕೆ ಇಬ್ಬರಿಗೂ ನಗು ಬಂತು. ಆರನೆಯದಕ್ಕೆ ಅವರು ನಿಂತರು.

"ಇದನ್ನ ನನಗ ಅಂದಾಗ ನೀ ಇರಲೇ ಇಲ್ಲಲ್ಲಾ. ನಿನಗ ಹೆಂಗ ಗೊತ್ತವಾ?"

"ಕೌಂಟರಿನಲ್ಲಿ ನನಗೂ ಅಂದಿದ್ದಾರೆ," ಅಂದೆ, ಸ್ಟಿಯರಿಂಗ್ ನೋಡುತ್ತ. ಅವರು ಆ ಬಿರಿದ ಕೈಯನ್ನು ನನ್ನ ಕೈಮೇಲೆ ಇಟ್ಟು, "ನಡಿ," ಅಂದರು.

ನಾನು ಸಾಕ್ಷಿಯಾಗಿ ಮೂಲೆಯಲ್ಲಿ ಕೂತೆ. ಆಂಟಿ ಔಷಧಿ ಚೀಟಿ ಓದುವ ದನಿಯಲ್ಲಿ ಒಂದೊಂದಾಗಿ ಹೇಳುತ್ತ ಹೋದರು. ಎದುರಿಗೆ ಕೂತಿದ್ದ ಆಫೀಸಿನ ಹೆಂಗಸು ಮುಖ ಕೆಂಪಗೆ ಮಾಡಿಕೊಂಡು, "ಸಾಕು ಡಾಕ್ಟರ್," ಅಂದಳು.

"ಇನ್ನೂ ಮೂರಿವೆ," ಅಂದರು ಆಂಟಿ. ಹೇಳಿ ಮುಗಿಸಿದರು.

ಕೆಲಸ ಉಳಿಯಿತು, ಒಂದು ವರ್ಷದ ಮಟ್ಟಿಗೆ ಮಾತ್ರ. ರೋಗಿಗಳ ಜೊತೆ ಹೇಗೆ ಮಾತಾಡಬೇಕು ಅನ್ನುವ ತರಗತಿಗೆ ಆಂಟಿಯನ್ನೇ ಕಳಿಸಿದರು, ಹೋಗಿ ಬಂದರು. ಮಗಳ ಶಾಲೆ ಮುಗಿದ ವಾರವೇ ಬೇರೆ ಆಸ್ಪತ್ರೆ ಹಿಡಿದು ಆಸ್ಟಿನ್‌ಗೆ ಶಿಫ್ಟ್ ಆದರು.

ಅವರು ಹೋದ ಮೇಲೆ ಒಂದು ಬೆಳಿಗ್ಗೆ ಔಷಧಿ ಕೌಂಟರಿನಲ್ಲಿ ಒಬ್ಬಾಕೆ ನನ್ನ ಮುಖ ನೋಡಿ, ಬೇರೆಯವರನ್ನು ಕರೆ ಅಂದಳು. ಇನ್ನೂ ಏನೋ ಅಂದಳು. ಬೇರೆಯವರನ್ನು ಕರೆದೆ. ಆಮೇಲೆ ಕಂಪ್ಯೂಟರಿನ ಮುಂದೆ ಕೂತು, ಅವಳು ಅಂದದ್ದನ್ನು ಅಂದ ಹಾಗೆಯೇ ಬರೆದೆ.