ಭಾವನ ಜೇಬಿನ ಚಮಚ

ಬೇರೆ ಗಂಡಸರು ಪೆನ್ನು ಸಿಕ್ಕಿಸಿಕೊಳ್ಳುವ ಜೇಬಿನಲ್ಲಿ ಉಮೇಶ ಭಾವ ಒಂದು ಚಮಚ ಇಟ್ಟುಕೊಳ್ಳುತ್ತಿದ್ದರು. ಮಗಳು ಎಳೆಯವಳಾಗಿದ್ದಾಗ ರಾಗಿ ಸರಿ ತಿನ್ನಿಸುತ್ತಿದ್ದ ಸ್ಟೀಲಿನ ಪುಟ್ಟ ಚಮಚ ಅದು. ಮದುವೆಯಿರಲಿ, ಗೃಹಪ್ರವೇಶವಿರಲಿ, ಭಾವ ಹೊರಟರೆ ಚಮಚವೂ ಹೊರಡುತ್ತಿತ್ತು. ಎಲೆಯ ಮುಂದೆ ಕೂತು ಅದನ್ನು ತೆಗೆದು ಕರವಸ್ತ್ರದಲ್ಲಿ ಒರೆಸುವಾಗ ಅಕ್ಕಪಕ್ಕದವರು ಒಬ್ಬರನ್ನೊಬ್ಬರು ತಿವಿದು ನಗುತ್ತಿದ್ದರು. ಆ ನಗು ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಭಾವ ಎಂದರೆ ನನ್ನ ಅಕ್ಕ ಲಲಿತಳ ಗಂಡ. ಸಂಸೆಯ ಹತ್ತಿರ ಒಂದಷ್ಟು ಕಾಫಿ ತೋಟ, ಒಂದು ಹಳೆಯ ಜೀಪು, ಆಚೆ ಗುಡ್ಡಕ್ಕೂ ಕೇಳುವ ಗಂಟಲು. ನಾನು ಮೂಡಿಗೆರೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಗಂಡಸರ ಬಟ್ಟೆ ಹೊಲಿಯುವುದಿಲ್ಲ, ಆದರೆ ಭಾವನ ಅಂಗಿಗಳನ್ನು ನಾನೇ ಹೊಲಿಯುತ್ತಿದ್ದೆ. ಆಗ ಅವರ ಅಳತೆಯ ಅಂಗಿ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಟೇಪು ಹಿಡಿದು ಅವರ ಸುತ್ತ ಬಂದು ನಾನು ಸುಸ್ತಾದವಳಂತೆ ನಟಿಸಿದರೆ, "ಪ್ರದಕ್ಷಿಣೆ ಹಾಕಿದ್ದೀಯಲ್ಲ ಮಾರಾಯ್ತಿ, ಪುಣ್ಯ ಬರುತ್ತೆ ಬಿಡು" ಅನ್ನುತ್ತಿದ್ದರು.

ನಮ್ಮ ಕಡೆಯ ಬೀಗರೂಟಗಳಲ್ಲಿ ಭಾವ ಆಗ ಒಂದು ಪ್ರದರ್ಶನದ ವಸ್ತು. ಅವರ ಎಲೆಗೆ ಉಂಡೆ ಕಡುಬು ಬೀಳತೊಡಗಿದರೆ ಬೆನ್ನ ಹಿಂದೆ ಜನ ಕೂಡುತ್ತಿದ್ದರು. "ಉಮೇಶನ ಎಲೆಗೆ ಇನ್ನೊಂದು ಸುತ್ತು ಬರ್ಲಿ", "ಹಂದಿ ಸಾರಿನ ಬಕೆಟ್ಟೇ ಇಲ್ಲಿಡಿ" ಎಂದು ಕೂಗುತ್ತಿದ್ದರು. ಭಾವನೂ ಹುರುಪಿನಿಂದ ತಿನ್ನುತ್ತಿದ್ದರು, ಸುಳ್ಳೇಕೆ ಹೇಳಲಿ. ನೋಡಿ ನಕ್ಕವರು ಕೈ ತೊಳೆದು ಮನೆಗೆ ಹೋಗುತ್ತಿದ್ದರು. ಮಂಡಿ ಹಿಡಿದುಕೊಂಡು ಜೀಪು ಹತ್ತುವ ಗಂಡನನ್ನು, ಏರಿದ ಸಕ್ಕರೆ ಕಾಯಿಲೆಯನ್ನು, ನಿದ್ದೆಯಲ್ಲಿ ಉಸಿರು ಕಟ್ಟಿ ಒದ್ದಾಡುವುದನ್ನು ನೋಡಿಕೊಂಡವಳು ನಮ್ಮಕ್ಕ ಒಬ್ಬಳೇ.

ಕೊನೆಗೆ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ತೂಕ ಇಳಿಸುವ ಆಪರೇಷನ್ ಆಯಿತು. ಹೊಟ್ಟೆಯನ್ನೇ ಸಣ್ಣದು ಮಾಡಿದರು. ಡಾಕ್ಟರು ಗಂಡ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು, "ನನ್ನ ಕೆಲಸ ಇವತ್ತಿಗೆ ಮುಗೀತು. ನಿಮ್ಮ ಕೆಲಸ ಬದುಕಿರೋವರೆಗೂ ಇದೆ" ಅಂದರಂತೆ. ಮೊದಲು ಮೊಟ್ಟೆಯೋ ಮೀನೋ ಕಾಳೋ, ಆಮೇಲೆ ಪಲ್ಯ, ಜಾಗ ಉಳಿದರೆ ಮಾತ್ರ ಅನ್ನ. ಊಟದ ಜೊತೆ ನೀರಿಲ್ಲ, ಸಿಹಿ ಇಲ್ಲ, ಕುಡಿತವಂತೂ ಇಲ್ಲವೇ ಇಲ್ಲ. ಮಾತ್ರೆ ತಪ್ಪಿಸುವಂತಿಲ್ಲ, ನಡಿಗೆ ಬಿಡುವಂತಿಲ್ಲ. ಕೈಯಲ್ಲಿ ಉಂಡರೆ ತುತ್ತು ತಾನಾಗಿ ದೊಡ್ಡದಾಗುತ್ತದೆಂದು ಭಾವ ಆ ಚಮಚ ಹಿಡಿದರು. ಒಂದೊಂದು ತುತ್ತನ್ನೂ ಗಂಜಿಯಾಗುವವರೆಗೆ ಅಗಿಯುತ್ತಿದ್ದರು. ಪಂಕ್ತಿಯವರೆಲ್ಲ ಎದ್ದು ಎಲೆಯಡಿಕೆ ಹಾಕಿಕೊಂಡರೂ ಅವರ ಪುಟ್ಟ ಬಟ್ಟಲು ಖಾಲಿಯಾಗಿರುತ್ತಿರಲಿಲ್ಲ.

ಅಂಗಿಗಳು ಜೋತುಬಿದ್ದವು. ನಾನು ಬದಿಗಳನ್ನು ಒಳಗೆ ಹಿಡಿದು ಹಿಡಿದು ಹೊಲಿದೆ. ಭಾವ ಗುಡ್ಡ ಹತ್ತಿ ಮೇಲಿನ ತೋಟ ನೋಡಿ ಬರುವಂತಾದರು. ಮನೆಯಲ್ಲಿ ಎಲ್ಲರಿಗೂ ನಿದ್ದೆ ಬಂತು. ಇಷ್ಟಕ್ಕೆ ನಮ್ಮ ನೆಂಟರು ಸಂತೋಷಪಡಬೇಕಿತ್ತಲ್ಲವೇ? ಇಲ್ಲ. "ಬಾಯಿ ಕಟ್ಟಿದ್ರೆ ಸಾಕಿತ್ತು, ಹೊಟ್ಟೆ ಕೊಯ್ಸ್ಕೋಬೇಕಿತ್ತಾ?" ಅಂದರು. ಬಕೆಟ್ಟನ್ನೇ ಇಡಿ ಎಂದು ಕೂಗಿದವರೇ ಈಗ ಬಾಯಿ ಕಟ್ಟುವ ಉಪದೇಶ ಮಾಡಿದರು. "ಮುಖದಲ್ಲಿ ಕಳೆನೇ ಇಲ್ಲ" ಎಂದು ಕಂಡಲ್ಲಿ ಮರುಗಿದರು. ಯಾರ ಮನೆಗೆ ಹೋದರೂ ಸಕ್ಕರೆ ಹಾಕಿದ ಕಾಫಿಯೇ ಬರುತ್ತಿತ್ತು. ಬೇಡವೆಂದರೆ ಮನೆಯೊಡತಿಯ ಮುಖ ಸಣ್ಣಗಾಗುತ್ತಿತ್ತು.

"ಡಾಕ್ಟ್ರು ನನ್ನ ಹೊಟ್ಟೇನ ಸಣ್ಣ ಮಾಡಿದ್ರು ಮಾರಾಯ್ತಿ. ನೆಂಟರ ಸೌಟನ್ನ ಯಾರು ಸಣ್ಣ ಮಾಡ್ತಾರೆ?" ಎಂದು ಭಾವ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ನಮ್ಮಲ್ಲಿ ಉಣ್ಣುವವನ ‘ಬೇಡ’ಕ್ಕೆ ಬೆಲೆಯೇ ಇಲ್ಲ. ಮೊದಲ ಬೇಡ ಮರ್ಯಾದೆಗೆ, ಎರಡನೆಯದು ನಾಚಿಕೆಗೆ. ಎಲೆಗೆ ಅಡ್ಡ ಹಿಡಿದ ಕೈಯನ್ನು ತಪ್ಪಿಸಿ ಬಡಿಸಿದವನೇ ಜಾಣ. ಎಲ್ಲರೂ ಹೀಗೆಯೇ ಬೇಡ ಬೇಡ ಎನ್ನುತ್ತಾ ಹಾಕಿಸಿಕೊಂಡು ಬೆಳೆದವರು. ಭಾವನದು ನಿಜವಾದ ಬೇಡ ಎನ್ನುವುದು ಯಾರ ತಲೆಗೂ ಹೋಗಲಿಲ್ಲ. ಅದಕ್ಕೆ ಭಾವ ಒಂದು ಉಪಾಯ ಹೂಡಿದ್ದರು. ಬಡಿಸುವವರಿಗೆ ಯಾರೂ ಬಲವಂತ ಮಾಡುವುದಿಲ್ಲವೆಂದು ತಾವೇ ಸಾರಿನ ಬಕೆಟ್ಟು ಹಿಡಿದು ಪಂಕ್ತಿಯಲ್ಲಿ ಓಡಾಡತೊಡಗಿದರು. ಆದರೆ ಬಡಿಸಿದವರ ಪಂಕ್ತಿ ಕೊನೆಗೆ ಕೂರುತ್ತದೆ. ಅವರಿಗೆ ಮನೆಯವರೇ ನಿಂತು, ಪಾಪ ದಣಿದಿದ್ದಾರೆಂದು ಎರಡರಷ್ಟು ಬಡಿಸುತ್ತಾರೆ. ಉಪಾಯ ಅಲ್ಲಿಗೆ ಮಣ್ಣುಪಾಲಾಯಿತು.

ವಸ್ತಾರೆಯ ಕಡೆಯ ಒಂದು ಬೀಗರೂಟದಲ್ಲಿ ನಡೆದದ್ದನ್ನು ನಾನು ಮರೆಯಲಾರೆ. ಕೊನೆಯ ಪಂಕ್ತಿಯಲ್ಲಿ ಭಾವ ಕೂತಿದ್ದರು, ಅವರ ಎದುರು ಸಾಲಿನಲ್ಲಿ ನಾನು. ಅವರ ಎಲೆಯ ಮೇಲೆ ಎರಡು ಚೂರು ಕೋಳಿ, ಚಿಟಿಕೆಯಷ್ಟು ಪಲ್ಯ. ಮದುವೆ ಗಂಡಿನ ಚಿಕ್ಕಪ್ಪ ಬಿಸಿ ಸಾರಿನ ಸೌಟು ಎತ್ತಿಕೊಂಡು ಬಂದ. ಭಾವ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರು.

"ಕೈ ತೆಗಿಯೋ ಉಮೇಶ."

"ಬೇಡ ಕಣೋ, ನಿಜವಾಗ್ಲೂ ಆಗಲ್ಲ."

"ತೆಗೀತೀಯೋ, ಸುರೀಲೋ?"

ಭಾವ ಕೈ ತೆಗೆಯಲಿಲ್ಲ. ಆ ಪುಣ್ಯಾತ್ಮ ಸುರಿದೇಬಿಟ್ಟ. ಕುದಿಯುವ ಸಾರು ಅಂಗೈಯ ಹಿಂಭಾಗದ ಮೇಲೆ ಬಿದ್ದು ಎಲೆಗೆ ಇಳಿಯಿತು. ಪಂಕ್ತಿಗೆ ಪಂಕ್ತಿಯೇ ಹೋ ಎಂದು ನಕ್ಕಿತು. ಭಾವ ಎಡಗೈಯಿಂದ ಚಮಚ ಒರೆಸಿ ಜೇಬಿಗಿಟ್ಟುಕೊಂಡು ನಲ್ಲಿಯ ಕಡೆ ನಡೆದರು. ನಾನು ಎದ್ದು ನಿಂತು ಆ ಮನುಷ್ಯನಿಗೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅದಕ್ಕೆ ಅವನು, "ಪ್ರೀತಿಗೆ ಬಡಿಸಿದ್ದಮ್ಮ, ಅದ್ಕೆ ಯಾಕೆ ಇಷ್ಟು ಸಿಟ್ಟು?" ಅಂದ. ಪ್ರೀತಿಯಂತೆ! ಬೊಬ್ಬೆ ಎದ್ದ ಕೈಗೆ ಅಕ್ಕ ಎಷ್ಟೋ ದಿನ ಮುಲಾಮು ಹಚ್ಚಿದಳು.

ಆಮೇಲೆ ಭಾವ ಪಂಕ್ತಿಯಲ್ಲಿ ಊಟಕ್ಕೆ ಕೂರುವುದನ್ನೇ ಬಿಟ್ಟರು. ಕೆಟ್ಟದ್ದಾದದ್ದು ಆಗಲೇ. ನೆಂಟರೆಲ್ಲ ಒಳಗೆ ಉಣ್ಣುವಾಗ ಜೀಪಿನಲ್ಲಿ ಒಬ್ಬರೇ ಕೂತು ಖಾರ ಮಿಕ್ಸ್ಚರ್, ಚಿಪ್ಸು, ಬಿಸ್ಕತ್ತು ಎಂದು ಬಾಯಾಡಿಸುವ ಅಭ್ಯಾಸ ಹತ್ತಿತು. ಒಂದೇ ಸಲಕ್ಕೆ ತುಂಬಾ ತಿಂದರೆ ಸಣ್ಣ ಹೊಟ್ಟೆ ತಡೆಯುತ್ತಿತ್ತು, ದಿನವಿಡೀ ಚೂರು ಚೂರೇ ಇಳಿಸಿದರೆ ಅದಕ್ಕೆ ತಿಳಿಯುತ್ತಲೇ ಇರಲಿಲ್ಲ. ಬೆಳಗಿನ ನಡಿಗೆ ನಿಂತಿತು. ಇಳಿದ ತೂಕ ಮೆಲ್ಲಗೆ ಮರಳತೊಡಗಿತು. ನೆಂಟರಿಗೆ ಆಗ ನೋಡಬೇಕಿತ್ತು ಸಂಭ್ರಮ. "ಈಗ ಮನುಷ್ಯನ ಹಾಗೆ ಕಾಣ್ತೀಯ ನೋಡು" ಎಂದು ಬೆನ್ನು ತಟ್ಟಿದರು.

ಒಂದು ದಿನ ಭಾವ ನನ್ನ ಅಂಗಡಿಗೆ ಬಂದರು. ನಾನು ಹಿಡಿದು ಹೊಲಿದಿದ್ದ ಅಂಗಿಗಳನ್ನು ಮೇಜಿನ ಮೇಲಿಟ್ಟು, ನನ್ನ ಮುಖ ನೋಡದೆ, "ಪೂರ್ಣಿ, ಇದರ ಹೊಲಿಗೆ ಸ್ವಲ್ಪ ಬಿಚ್ಚಿಕೊಡು" ಅಂದರು.

"ಬಿಚ್ಚಲ್ಲ ಭಾವ."

"ಎಂಥದು ಮಾರಾಯ್ತಿ, ಗುಂಡಿ ಹಾಕೋಕಾಗ್ತಿಲ್ಲ."

"ಆಗದಿದ್ರೆ ಬೇರೆ ಟೈಲರ್ ಹತ್ರ ಹೋಗಿ. ನಾನು ಹಿಡಿದು ಹೊಲಿದಿದ್ದನ್ನ ನಾನು ಬಿಚ್ಚಲ್ಲ. ಅವತ್ತು ಕೈ ಸುಟ್ಟರೂ ಕೈ ತೆಗೀಲಿಲ್ಲ ನೀವು. ಇವತ್ತು ಯಾರೂ ಬಲವಂತ ಮಾಡದೆ ಜೀಪಲ್ಲಿ ಕೂತು ನೀವೇ ಬಡಿಸ್ಕೊಳ್ತಿದ್ದೀರಲ್ಲ!"

ಹೆಚ್ಚಾಯಿತೇನೋ ಎನ್ನಿಸಿತು. ಭಾವ ಸ್ಟೂಲಿನ ಮೇಲೆ ಕೂತರು. ಹೊರಗೆ ಬಸ್ಸೊಂದು ಹಾರ್ನ್ ಹೊಡೆಯುತ್ತಿತ್ತು. ಅದು ಹೋದ ಮೇಲೆ, "ಒಬ್ಬನೇ ಕೂರೋಕೆ ಬೇಜಾರು ಪೂರ್ಣಿ" ಅಂದರು. "ಎಲ್ಲರ ಜೊತೆ ಊಟಕ್ಕೆ ಕೂರ್ಬೇಕು ಅಂತ ಆಸೆ ಅಷ್ಟೇ. ತಿನ್ಬೇಕು ಅಂತಲ್ಲ."

ಅಷ್ಟು ದೊಡ್ಡ ಗಂಟಲಿನ ಮನುಷ್ಯ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಆವತ್ತು ಮಾತ್ರ ಕೇಳಿದ್ದು. ನೆಂಟರ ಮೇಲೆ ನನಗೆ ಬಂದ ಸಿಟ್ಟಿಗೆ ಲೆಕ್ಕವಿಲ್ಲ. ಮನುಷ್ಯನಿಗೆ ಪಂಕ್ತಿಯಲ್ಲಿ ಒಂದು ಜಾಗ ಕೊಡಿ ಎಂದರೆ ಎಲೆ ತುಂಬ ಕಡುಬು ಕೊಡುವ ಜನ ನಮ್ಮವರು. ಕಡುಬು ಬೇಡವೆಂದರೆ ಜಾಗವೂ ಇಲ್ಲ.

ಅಂಗಿಗಳನ್ನು ಹಾಗೇ ವಾಪಸು ಕಟ್ಟಿಕೊಟ್ಟೆ. ಭಾವ ಮಂಗಳೂರಿನ ಡಾಕ್ಟರ ಹತ್ತಿರ ಮತ್ತೆ ಹೋಗಿ ಬೈಸಿಕೊಂಡು ಬಂದರು. ಜೀಪಿನಿಂದ ಕುರುಕಲು ತಿಂಡಿಗಳೆಲ್ಲ ಖಾಲಿಯಾದವು. ಬೆಳಗಿನ ನಡಿಗೆ ಮತ್ತೆ ಶುರುವಾಯಿತು, ಈ ಸಲ ಅಕ್ಕನೂ ಜೊತೆಗೆ. ಮನೆಯಲ್ಲಿ ಅಕ್ಕನೂ ಸಣ್ಣ ಬಟ್ಟಲು, ಸಣ್ಣ ಚಮಚ ಹಿಡಿದು ಎದುರಿಗೆ ಕೂತು ಭಾವನಷ್ಟೇ ನಿಧಾನವಾಗಿ ಉಣ್ಣತೊಡಗಿದಳು. ಮುಂದಿನ ಸುಗ್ಗಿಯ ಹೊತ್ತಿಗೆ ಅಂಗಿಯ ಗುಂಡಿಗಳು ಮತ್ತೆ ಕೂತವು. ಭಾವ ಅಂಗಡಿಯ ಬಾಗಿಲಲ್ಲಿ ನಿಂತು ಎಲ್ಲ ಗುಂಡಿ ಹಾಕಿ ತೋರಿಸಿ, "ನೋಡೇ, ಬಿಚ್ಚಲ್ಲ ಅಂದವಳೇ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ನಾನು ಅವರನ್ನು ಕಣ್ತುಂಬ ನೋಡಿದ್ದು ಅದೇ ಕೊನೆ.

ಹೋದ ಮಳೆಗಾಲದ ಗಾಳಿಗೆ ಕಳಸದ ದಾರಿಯಲ್ಲಿ ಸಿಲ್ವರ್ ಓಕ್ ಮರವೊಂದು ಮುರಿದು ಅವರ ಜೀಪಿನ ಮೇಲೆ ಬಿತ್ತು. ಅಷ್ಟೇ. ಒಂದು ಮಾತಿಗೂ ಸಮಯ ಸಿಗಲಿಲ್ಲ.

ಮರ ಬಿದ್ದು ಸತ್ತ ಮನುಷ್ಯನ ಬಗ್ಗೆ ನಮ್ಮ ಜನ ಏನಂದರು ಗೊತ್ತೇ? "ಹೊಟ್ಟೆ ಕೊಯ್ಸ್ಕೊಂಡ, ಮೈಯಲ್ಲಿ ಶಕ್ತಿ ಇರ್ಲಿಲ್ಲ, ಅದ್ಕೇ ಹೋದ." ಮೊದಲಿನ ದೇಹವಿದ್ದಿದ್ದರೆ ಮರವನ್ನು ಎತ್ತಿ ಬಿಸಾಡುತ್ತಿದ್ದರೆಂದೇ ಇವರ ಎಣಿಕೆ! ಸಾವಿನ ಮನೆಯೆಂದು ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ.

ತಿಥಿಯ ದಿನ ಒಳಕೋಣೆಯಲ್ಲಿ ಭಾವನ ಫೋಟೋದ ಮುಂದೆ ಎಡೆ ಇಟ್ಟರು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಅವರು ಬಂದು ಉಣ್ಣಲೆಂದು ಬಾಗಿಲು ಹಾಕಿಕೊಂಡು ಬರುವುದು ನಮ್ಮ ಪದ್ಧತಿ. ಭಾವನ ಸೋದರತ್ತೆ ಸೀತತ್ತೆ ತಾವೇ ನಿಂತು ಬಡಿಸಿದರು. ಗುಡ್ಡೆ ಕಡುಬು, ಹಂದಿ ಸಾರು, ಕೋಳಿ, ಹೋಳಿಗೆ, ಪಕ್ಕದಲ್ಲಿ ಒಂದು ಬ್ರಾಂದಿ ಬಾಟಲಿ. ಎಡೆಗೆಂದು ತಂದಿದ್ದ ಹೊಸ ಅಂಗಿ ನನ್ನ ಕಣ್ಣಿಗೆ ಬಿತ್ತು. ಮಡಿಸಿಟ್ಟಿದ್ದರೂ ಹೊಲಿಗೆಯವಳಿಗೆ ಅಳತೆ ತಿಳಿಯುತ್ತದೆ. ಅದು ಹಳೆಯ ಉಮೇಶನ ಅಳತೆಯ ಅಂಗಿ. ಇಷ್ಟು ವರ್ಷ ಆ ಮನುಷ್ಯ ಪಟ್ಟ ಪಾಡನ್ನು ಇವರಲ್ಲಿ ಒಬ್ಬರೂ ನೋಡಿರಲೇ ಇಲ್ಲ. ನಾನು ಕಿರುಚಲೆಂದೇ ಎದ್ದೆ.

ಅಷ್ಟರಲ್ಲಿ ಅಕ್ಕ ಅಡುಗೆಮನೆಯಿಂದ ಬಂದಳು. ತುಂಬಿದ ಎಲೆಯನ್ನು ಮೆಲ್ಲಗೆ ಬದಿಗೆ ಸರಿಸಿದಳು. ಆ ಜಾಗದಲ್ಲಿ ಪುಟ್ಟ ಬಟ್ಟಲು ಇಟ್ಟಳು. ಅದರಲ್ಲಿ ಬೇಯಿಸಿದ ಅರ್ಧ ಮೊಟ್ಟೆ, ಸ್ವಲ್ಪ ಹುರುಳಿಕಾಳು, ಕಡುಬಿನ ಒಂದು ಚೂರು. ಪಕ್ಕದಲ್ಲಿ ಆ ಚಮಚ.

"ಅಯ್ಯೋ ಲಲಿತಾ, ಇನ್ನೆಂಥ ಡಾಕ್ಟ್ರು, ಇನ್ನೆಂಥ ಪಥ್ಯ?" ಎಂದು ಸೀತತ್ತೆ ಅಳುತ್ತಲೇ ಬಿಸಿ ಸಾರಿನ ಸೌಟು ಎತ್ತಿದರು. "ಇವತ್ತಾದ್ರೂ ಹೊಟ್ಟೆ ತುಂಬ ಉಣ್ಲಿ ಬಿಡೇ."

ಅಕ್ಕ ಬಟ್ಟಲಿನ ಮೇಲೆ ಅಂಗೈ ಅಡ್ಡ ಹಿಡಿದಳು.

ಸೌಟು ಅವಳ ಕೈಯ ಮೇಲೇ ನಿಂತಿತು, ಹಬೆ ಏಳುತ್ತಿತ್ತು. ಈ ಸಲ ಯಾರೂ ನಗಲಿಲ್ಲ. ಸೀತತ್ತೆ ಅವಳ ಮುಖ ನೋಡಿದರು, ಕೈ ನೋಡಿದರು, ಸೌಟನ್ನು ಪಾತ್ರೆಗೆ ಇಳಿಸಿದರು. ಅಕ್ಕ ಎಲ್ಲರನ್ನೂ ಹೊರಗೆ ಕಳಿಸಿ, ತಾನೂ ಹೊರಬಂದು ಬಾಗಿಲು ಎಳೆದುಕೊಂಡಳು.

ಅಂಗಳದಲ್ಲಿ ಪಂಕ್ತಿಗೆ ಎಲೆ ಹಾಕಿಯಾಗಿತ್ತು. ಸ್ವಲ್ಪ ಹೊತ್ತಿಗೇ ಯಾರೋ ಬಾಗಿಲು ತೆಗೆಯಲು ಅವಸರಪಟ್ಟರು.

"ಇನ್ನೂ ತೆಗೀಬೇಡಿ" ಅಂದಳು ಅಕ್ಕ. "ಅವರ ಊಟ ಮುಗಿಯೋಕೆ ಹೊತ್ತಾಗುತ್ತೆ."